ಬಿಸಿ ರೊಟ್ಟಿಗೊಂದು ಬಟನ್

ಗ್ಯಾರೇಜಿನ ಶಟರಿನ ರಿಮೋಟು ರಜನಿಯ ಕೀಲಿಗೊಂಚಲು ಸೇರಿದ ದಿನವೇ ಬಸವಪ್ರಭುವಿನ ಬಿಸಿ ರೊಟ್ಟಿಗೆ ಕಲ್ಲು ಬಿತ್ತು. ತಪ್ಪು ಅವನದೇ ಅನ್ನಿ. ಒಂದು ರಿಮೋಟನ್ನು ತನ್ನ ಹತ್ತಿ ಅಂಗಡಿಯಲ್ಲಿ ಕಳೆದಿದ್ದ, ಇನ್ನೊಂದನ್ನು ಅಂಗಿಯ ಕಿಸೆಯಲ್ಲಿಟ್ಟು ಒಗೆಯಲು ಹಾಕಿದ್ದ. "ಉಳದದ್ದು ನನ್ನ ಕಡೆ ಇರ್ಲಿ. ನೀವು ಬಂದು ಹಾರ್ನ್ ಹೊಡೀರಿ, ನಾ ಒಳಗಿಂದ ತೆಗೀತೇನಿ," ಎಂದು ಹೆಂಡತಿ ತೀರ್ಪು ಕೊಟ್ಟಳು.

ಅಲ್ಲಿಂದ ಶುರುವಾಯಿತು ಪೀಡೆ. ಬೈರಿದೇವರಕೊಪ್ಪದ ಆ ಓಣಿಗೆ ಬಸವಪ್ರಭುವಿನ ಎಲೆಕ್ಟ್ರಿಕ್ ಕಾರು ಬಂದದ್ದು ನಾಯಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಾರ್ನ್ ಹೊಡೆದನೋ, ಪಕ್ಕದ ಮನೆಯ ಕಟ್ಟೆಯಿಂದ ಶಾಂತಯ್ಯ ಕಾಕಾ ಎದ್ದು ಬರುತ್ತಿದ್ದರು. ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಜೀವ. ಕಾರಿನ ಕಿಟಕಿಗೆ ಮೊಣಕೈ ಊರಿ ನಿಂತರೆಂದರೆ ಮುಗಿಯಿತು: ಡಿಪೋದಲ್ಲಿ ಕೆಟ್ಟು ನಿಂತ ಬಸ್ಸುಗಳು, ಮೊಣಕಾಲು ನೋವು, ಶಿರಗುಪ್ಪಿಯಲ್ಲಿ ಅವರ ಷಡ್ಡಕನ ಹೊಲದ ವ್ಯಾಜ್ಯ. ಒಳಗಿನಿಂದ ರಜನಿ, "ಬಂದೇರೀ, ಕೈ ಹಿಟ್ಟಾಗೈತಿ!" ಎಂದು ಕೂಗುವಳು, ಆದರೆ ಬರುತ್ತಿರಲಿಲ್ಲ. ಶಟರು ಏಳುವ ಹೊತ್ತಿಗೆ ಒಲೆ ಆರಿ, ರೊಟ್ಟಿಗಳು ಬುಟ್ಟಿಯಲ್ಲಿ ತಣ್ಣಗೆ ಮಲಗಿರುತ್ತಿದ್ದವು.

ಬಸವಪ್ರಭುವಿಗೆ ದೊಡ್ಡ ಆಸೆಗಳಿರಲಿಲ್ಲ. ದಿನವಿಡೀ ಹತ್ತಿಯ ಧೂಳು ಕುಡಿದು ಬಂದವನಿಗೆ, ಹೆಂಚಿನ ಮೇಲಿಂದ ಉಬ್ಬಿಕೊಂಡೇ ತಾಟಿಗೆ ಬಿದ್ದ ಜೋಳದ ರೊಟ್ಟಿ, ಮೇಲೊಂದಿಷ್ಟು ಬೆಣ್ಣೆ, ಪಕ್ಕಕ್ಕೆ ಬದನೆಕಾಯಿ ಎಣಗಾಯಿ, ಇಷ್ಟು ಸಾಕಿತ್ತು. ಇದೂ ಸಿಗದ ಮೇಲೆ ಈ ವ್ಯಾಪಾರ, ಈ ಕಾರು ಯಾತಕ್ಕೆ ಎಂದು ಅವನಿಗೆ ಖರೇನೇ ದುಃಖವಾಗುತ್ತಿತ್ತು.

ಅದಕ್ಕೇ ಮೊಬೈಲಿನಲ್ಲಿ ಹುಡುಕಿ ಒಂದು ಮಾಡ್ಯೂಲ್ ತರಿಸಿದ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಅದನ್ನು ಕಾರಿನೊಳಗೆ ಕೂಡಿಸಿ, ಅದರೆದುರು ರಿಮೋಟು ಹಿಡಿದು ಸಿಗ್ನಲ್ ಕಲಿಸಿದರೆ ಆಯಿತು. ಆಮೇಲೆ ಕೂತಲ್ಲಿಂದಲೇ ಬಟನ್ ಒತ್ತಿದರೆ ಶಟರು ಏಳುತ್ತದೆ. ಹಾರ್ನ್ ಬೇಡ, ಕಾಕಾನೂ ಬೇಡ. ವಿಡಿಯೋದಲ್ಲಿದ್ದ ಹುಡುಗ ಹಾಡು ಗುನುಗುತ್ತಲೇ ಹಾಕಿ ತೋರಿಸಿದ್ದ.

ರವಿವಾರ ಬೆಳಿಗ್ಗೆ ರಜನಿಗೆ ರಿಮೋಟು ಕೇಳಿದ.

"ಅದ್ಯಾಕ ಬೇಕು ನಿಮಗ?" ಅವಳ ಮುಖ ಸಣ್ಣಗಾಯಿತು.

"ಇನ್ನ ಮ್ಯಾಲ ನೀ ಹಿಟ್ಟಿನ ಕೈಲೆ ಎದ್ದು ಬರೂ ತ್ರಾಸು ಬ್ಯಾಡ. ನಾನ ಶಟರ್ ತಗದು ಒಳಗ ಬರ್ತೇನಿ."

"ನನಗೇನು ತ್ರಾಸಿಲ್ರಿ. ಸುಮ್ನ ಛಲೋ ಇದ್ದ ಗಾಡಿ ಯಾಕ ಬಿಚ್ಚತೀರಿ? ನೀವು ಬಿಚ್ಚಿದ ಮಿಕ್ಸರ್ ಇನ್ನೂ ಡಬ್ಬ್ಯಾಗ ಐತಿ."

ತನಗಾಗಿ ಹೆಂಡತಿ ಇಷ್ಟು ತ್ರಾಸು ತಡೆದುಕೊಳ್ಳುತ್ತಾಳಲ್ಲ ಎಂದು ಬಸವಪ್ರಭುವಿನ ಎದೆ ತುಂಬಿಬಂತು. ರಿಮೋಟು ಕಸಿದುಕೊಂಡೇ ಹೋದ.

ಕಾರನ್ನು ಶಟರಿನ ಮುಂದೆ ನಿಲ್ಲಿಸಿ, ಸ್ಟೇರಿಂಗಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎಳೆದ. ಕ್ಲಿಪ್ಪೊಂದು ಟಪ್ಪೆಂದು ಮುರಿದು ಹಾರಿತು. ಆ ಸಪ್ಪಳಕ್ಕೆ ಶಾಂತಯ್ಯ ಕಾಕಾ ಹಾಜರ್.

"ಏನ್ ಮಾಡಾಕತ್ತೀಯೋ ತಮ್ಮಾ?"

ಬಸವಪ್ರಭುವಿಗೆ ಸುಳ್ಳು ಹೇಳಲು ಬರುವುದಿಲ್ಲ. ಶಟರಿನ ಬಟನ್ ಎಂದು ಹೇಳಿಬಿಟ್ಟ. ಯಾರಿಂದ ತಪ್ಪಿಸಿಕೊಳ್ಳಲು ಎಂಬುದನ್ನು ಮಾತ್ರ ನುಂಗಿಕೊಂಡ.

ಕಾಕಾ ಗಾಬರಿಯಾದರು. "ಬ್ಯಾಡೋ! ಕರೆಂಟಿನ ಗಾಡಿ ಅದು. ನಮ್ಮ ಡಿಪೋದಾಗ ಒಬ್ಬಾಂವ ಹಿಂಗ ವೈರ್ ಮುಟ್ಟಿ ವಾರಗಟ್ಲೆ ಮಾತಾಡ್ಲಿಲ್ಲ."

ಅಂಥ ವೈರು ಕಾಕಾನಿಗೇ ಯಾಕೆ ಸಿಗಲಿಲ್ಲವೋ ಎಂದುಕೊಂಡ ಬಸವಪ್ರಭು. "ನೀವು ಮನಿಗೆ ಹೋಗಿ ಆರಾಮ ಕುಂದರ್ರಿ ಕಾಕಾ."

"ನೀ ಇಲ್ಲಿ ಸಾಯೂದು ಬಿಟ್ಟು ನಾ ಹೆಂಗ ಆರಾಮ ಕುಂದರ್ಲಿ? ತಾ ಇಲ್ಲೆ, ಟಾರ್ಚ್ ಹಿಡೀತೇನಿ."

ಹಿಡಿದರು. ಆದರೆ ಮಾತು ಷಡ್ಡಕನ ಹೊಲಕ್ಕೆ ಹೋದಾಗ ಕೈಯೂ ಅತ್ತಲೇ ಹೋಯಿತು. ಪಟ್ಟಿಯ ಹಿಂದಿನ ಕತ್ತಲಲ್ಲಿ ಬಸವಪ್ರಭು ಒಂದು ವೈರನ್ನು ಇನ್ನೊಂದಕ್ಕೆ ಗಂಟು ಹಾಕಿದ. ಹಾರ್ನ್ ಹೊಡೆದುಕೊಳ್ಳತೊಡಗಿತು. ನಿಲ್ಲಲೇ ಇಲ್ಲ.

ಓಣಿಯೆಲ್ಲ ಬಾಗಿಲಿಗೆ ಬಂತು. ಎದುರು ಮನೆಯ ಕಮರುದ್ದೀನ, ಬೈಕ್ ರಿಪೇರಿ ಮಾಡುವವ, ಬನಿಯನ್ನಿನಲ್ಲೇ ಓಡಿ ಬಂದ. "ವೈರ್ ಕೀಳ್ರಿ ಅಣ್ಣಾರ!"

"ಯಾವ್ದು?"

"ಈಗ ಹಚ್ಚಿದ್ದು!"

ಬಸವಪ್ರಭು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತ. ಹಾರ್ನ್ ನಿಂತಿತು. ಕಾರಿನ ಜೀವವೂ ನಿಂತಿತು.

"ಪೂಜಿ ಇಲ್ಲದ ಗಾಡಿಗೆ ಕೈ ಹಚ್ಚಿದ್ರ ಒದರದ ಬಿಡ್ತೈತೇನು?" ಎನ್ನುತ್ತ ಹಿಂದಿನ ಮನೆಯ ಮುದುಕಿ ಅಕ್ಕವ್ವ ವಿಭೂತಿ ತಾಟು ಹಿಡಿದು ಬಂದಳು. ಕಾರಿನ ಮೂತಿಗೆ, ಸ್ಟೇರಿಂಗಿಗೆ, ಬಸವಪ್ರಭುವಿನ ಹಣೆಗೆ, ಎಲ್ಲಕ್ಕೂ ಮೂರು ಬೆರಳು ಎಳೆದಳು. ಶಟರಿನ ಅಕ್ಕಪಕ್ಕ, ನೆಲದ ಹತ್ತಿರ, ಎರಡು ಗಾಜಿನ ಕಣ್ಣುಗಳು ಮಿಣುಕುತ್ತಿದ್ದವು. "ಇವೂ ಪಾಪ, ಕಣ್ಣು ಬಿಟಗೊಂಡು ಕುಂತಾವ," ಎಂದು ಅವಕ್ಕೂ ದಪ್ಪಗೆ ಮೆತ್ತಿದಳು.

ಕಮರುದ್ದೀನ ಮತ್ತು ಬಸವಪ್ರಭು ವಿಡಿಯೋ ನೋಡಿಕೊಂಡು ಒಂದೊಂದೇ ವೈರು ಕೂಡಿಸಿದರು. ಕಾರಿಗೆ ಜೀವ ಬಂತು, ಮಾಡ್ಯೂಲ್ ಪಾಠ ಕಲಿಯಿತು. ಬಟನ್ ಒತ್ತಿದರೆ ಶಟರು ಎದ್ದೇಬಿಟ್ಟಿತು! ಎಲ್ಲರೂ ಚಪ್ಪಾಳೆ ತಟ್ಟಿದರು, ಕಾಕಾ ಒಬ್ಬರನ್ನು ಬಿಟ್ಟು. ಇನ್ನೊಮ್ಮೆ ಒತ್ತಿದ. ಗೇಣುದ್ದ ಇಳಿದ ಶಟರು, ಔಷಧ ಒಲ್ಲದ ಕೂಸಿನಂತೆ ಮತ್ತೆ ಮೇಲೆ ಹೋಯಿತು. ಮತ್ತೆ ಒತ್ತಿದರೂ ಅದೇ ಹಟ. ಬಸವಪ್ರಭು ಪಟ್ಟಿ ಬಿಚ್ಚಿದ, ವೈರು ನೋಡಿದ, ಪಟ್ಟಿ ಹಾಕಿದ, ಮತ್ತೆ ಬಿಚ್ಚಿದ. ಮಧ್ಯಾಹ್ನದ ರೊಟ್ಟಿಯೂ ತಣ್ಣಗಾಯಿತು.

"ಆಗೂದಿಲ್ಲ ಬಿಡೋ ತಮ್ಮಾ. ಹಾರ್ನ್ ಏನ್ ಕೆಟ್ಟಿತ್ತು?" ಎಂದರು ಕಾಕಾ.

"ಹೌದ್ರಿ, ಕಾಕಾ ಹೇಳೂದು ಖರೇ ಐತಿ," ಎಂದಳು ಬಾಗಿಲಲ್ಲಿ ನಿಂತ ರಜನಿ.

"ವಿಭೂತಿ ಹತ್ತಿಲ್ಲ ಕಾಣ್ತೈತಿ," ಎಂದು ಅಕ್ಕವ್ವ ಮತ್ತೆ ಹಚ್ಚಲು, ಆ ಗಾಜಿನ ಕಣ್ಣುಗಳ ಮೇಲಿದ್ದ ಮೊದಲಿನದನ್ನು ಹಸಿ ಸೆರಗಿನಿಂದ ಒರೆಸಿ ತೆಗೆದಳು. ತಾಟು ತರಲು ಅತ್ತ ಸರಿದದ್ದೇ ತಡ, ಬಸವಪ್ರಭು ಬೇಸತ್ತು ಒತ್ತಿದ ಬಟನ್ನಿಗೆ ಶಟರು ಸರ್ರನೆ ನೆಲ ಮುಟ್ಟಿತು. ಕೆಳಗೆ ಯಾರಾದರೂ ಇದ್ದಾರೋ ಎಂದು ನೋಡುವ ಕಣ್ಣುಗಳು ಅವು. ವಿಭೂತಿ ಮೆತ್ತಿದ್ದಕ್ಕೆ, ಯಾರೋ ಅಡ್ಡ ನಿಂತಿದ್ದಾರೆಂದು ತಿಳಿದು ಶಟರನ್ನು ಹಿಂದಕ್ಕೆ ಕಳಿಸುತ್ತಿದ್ದವು.

"ನೋಡಿದ್ರ್ಯಾ? ಹಚ್ಚೂದ್ರೊಳಗ ದೇವ್ರು ಒಪ್ಪಿದ!" ಎಂದಳು ಅಕ್ಕವ್ವ.

ಕಮರುದ್ದೀನ ಮೆಲ್ಲಗೆ ಅವಳ ಕೈಯಿಂದ ತಾಟು ಇಸಿದುಕೊಂಡ.

ಸಂಜೆ ಬಸವಪ್ರಭು ಬೇಕಂತಲೇ ಉಣಕಲ್ ಕೆರೆಯ ತನಕ ಹೋಗಿ, ಸರಿಯಾಗಿ ರೊಟ್ಟಿ ಬಡಿಯುವ ಹೊತ್ತಿಗೆ ಓಣಿಗೆ ತಿರುಗಿದ. ಹಾರ್ನ್ ಇಲ್ಲ, ಸಪ್ಪಳವಿಲ್ಲ. ಬಟನ್ ಒತ್ತಿದ, ಶಟರು ಎದ್ದಿತು. ಕಟ್ಟೆಯ ಮೇಲಿದ್ದ ಕಾಕಾ ಚಪ್ಪಲಿ ಹುಡುಕುತ್ತ, "ಏ ತಮ್ಮಾ, ನಿಂದ್ರೋ!" ಎನ್ನುವುದರೊಳಗೆ ಕಾರು ಒಳಗೆ, ಶಟರು ಕೆಳಗೆ, ಕಾಕಾ ಹೊರಗೆ. ಬಸವಪ್ರಭು ಮದುಮಗನ ಹಾಗೆ ನಗುತ್ತ ಅಡುಗೆಮನೆಗೆ ನುಗ್ಗಿದ.

ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಅದನ್ನು ನೋಡಿಯೇ ಅವನ ಕಣ್ಣು ಒದ್ದೆಯಾದವು.

"ಅಯ್ಯ ಶಿವನ! ಇಷ್ಟ ಲಗೂ ಹೆಂಗ ಬಂದ್ರಿ? ಕಾಕಾ ಎಲ್ಲಿ?" ರಜನಿ ಬೆಚ್ಚಿಬಿದ್ದಳು.

"ಕಾಕಾನ ಗೊಡವಿ ಯಾಕ? ಹಾಕು ಇಲ್ಲೆ," ಎಂದು ತಾಟು ಹಿಡಿದ.

ರಜನಿ ರೊಟ್ಟಿ ತೆಗೆದು, ಬೆಣ್ಣೆ ಸವರಿ, ಸ್ಟೀಲ್ ಡಬ್ಬಿಯಲ್ಲಿ ಇಟ್ಟಳು. ಅದರಲ್ಲಿ ಆಗಲೇ ಇನ್ನೊಂದಿತ್ತು.

"ಅದು ಯಾರದು?"

"ಕಾಕಾರದು." ಅವಳು ತಲೆ ತಗ್ಗಿಸಿದಳು. "ಸಿಟ್ಟಾಗಬ್ಯಾಡ್ರಿ. ನೀವು ಒಲಿ ಹತ್ರ ಬಂದ್ರಂದ್ರ ನನಗ ರೊಟ್ಟಿ ಬಡಿಯಾಕ ಬಿಡೂದಿಲ್ಲ. ಉರಿ ಸಣ್ಣ ಮಾಡು, ಹಿಟ್ಟು ಹಂಗ ನಾದಬ್ಯಾಡ, ಹಿಂಗ ನಾದು... ಅದಕ್ಕ, ರೊಟ್ಟಿ ಮುಗಿಯೂತನಕಾ ಅವರನ್ನ ಹೊರಗ ಹಿಡದಿಡ್ರಿ ಅಂತ ನಾನ ಕಾಕಾಗ ಹೇಳೇನಿ. ಪಾಪ, ದಿನಾ ಎರಡು ಬಿಸಿ ರೊಟ್ಟಿ ಕೊಡ್ತೇನಿ."

ಬಸವಪ್ರಭು ತಾಟು ಕೆಳಗಿಟ್ಟ. "ನಾ ಹಂಗೆಲ್ಲಾ ಹೇಳ್ತೇನೇನು ರಜನಿ? ಒಂದ ದಿನಾರ ಹೇಳೇನೇನು? ಅಲಾ, ಉರಿ ಒಂದ ಕಡೆ ಹತ್ತಾಕತ್ತೈತಿ ನೋಡು," ಎಂದು ಒಲೆಯ ಕಿವಿ ತಿರುವಿದ. ಒಲೆ ಆರಿತು.

ರಜನಿ ಹಿಟ್ಟಿನ ಕೈ ಒರೆಸಿಕೊಂಡಳು. ಡಬ್ಬಿ ಮುಚ್ಚಿ ಅವನ ಕೈಗೆ ಕೊಟ್ಟಳು. "ಕಾಕಾಗ ಕೊಟ್ಟು ಅಲ್ಲೇ ಕುಂದರ್ರಿ. ಮುಗದ ಮ್ಯಾಲ ಕರೀತೇನಿ."

ಅವನು ಕಾರಿನೊಳಗೆ ಕೈ ಹಾಕಿ ಬಟನ್ ಒತ್ತಿದ. ಶಟರು ಎದ್ದಿತು. ಹೊರಗೆ ಕಾಕಾ ಅವನ ಕೈಯಲ್ಲಿನ ಡಬ್ಬಿ ನೋಡಿ ಕಳ್ಳನಂತೆ ನಿಂತರು.

"ನನ್ನ ತಪ್ಪಿಲ್ಲ ನೋಡೋ ತಮ್ಮಾ. ನನಗೂ ಮಾತು ತೀರಿ ಹೋಗ್ಯಾವ. ಖರೇ ಹೇಳ್ಬೇಕಂದ್ರ ನಮ್ಮ ಷಡ್ಡಕಗ ಹೊಲಾನ ಇಲ್ಲ."

ಇಬ್ಬರೂ ಕಾರಿನಲ್ಲಿ ಕೂತರು. ಕಾಕಾ ಡಬ್ಬಿ ತೆಗೆದರು, ಹಬೆ ಎದ್ದಿತು. ಒಂದು ರೊಟ್ಟಿ ತೆಗೆದು ಬಸವಪ್ರಭುವಿನ ಕೈಯಲ್ಲಿಟ್ಟರು. "ತಿನ್ನು. ನಿನ್ನ ಮನೀದ ಐತಿ. ಇವತ್ತ ನನ್ನ ಬಾಯಿ ಸೋತೈತಿ, ನೀನ ಏನರೆ ಹೇಳು. ಆ ಬಟನ್ ಹೆಂಗ ಕೂಡಿಸಿದೀಪಾ?"

ಇಡೀ ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬಸವಪ್ರಭುವಿನ ಮುಖ ಅರಳಿತು. "ಅದು ಹೆಂಗಂದ್ರ ಕಾಕಾ..." ಎಂದು ಶುರುಮಾಡಿದ.

ಕಾಕಾ ತಮ್ಮ ರೊಟ್ಟಿ ತಿಂದು, ಬೆರಳು ನೆಕ್ಕಿ, ಡಬ್ಬಿ ಮುಚ್ಚಿದಾಗ ಬಸವಪ್ರಭುವಿನ ಕಥೆ ಇನ್ನೂ ಹಾರ್ನಿನ ವೈರಿನ ಹತ್ತಿರವೇ ಇತ್ತು. ಕೈಯೊಳಗಿನ ರೊಟ್ಟಿ ತಣ್ಣಗಾಗಿ ಸೆಟೆದುಕೊಂಡಿತ್ತು.