ಕರ್ನಲ್‌ಗೆ ಕೊಬ್ಬರಿ ಹಾರ

ವಿರೂಪಾಕ್ಷನ ಗ್ರಹಚಾರ ಕೆಟ್ಟಿದ್ದು ಒಂದು ಕರಪತ್ರದ ಕೊನೆಯ ಸಾಲಿನಿಂದ. ಶನಿವಾರ ಬೆಳಿಗ್ಗೆ ಸಿಡ್ನಿಯ ರೌಸ್ ಹಿಲ್‌ನ ತನ್ನ ಮನೆಯಲ್ಲಿ ಅವನು ಉಪ್ಪಿಟ್ಟಿನ ಮೊದಲ ತುತ್ತು ಬಾಯಿಗಿಟ್ಟಿದ್ದ. ಎದುರಿಗೆ ಕೂತಿದ್ದ ಮಾವ ಚನ್ನಮಲ್ಲಪ್ಪನವರು ಕನ್ನಡಕ ಏರಿಸಿ, ಆ ಸಾಲನ್ನು ಪಂಚಾಂಗ ಓದುವ ಧಾಟಿಯಲ್ಲಿ ಓದಿದರು. ಇಂದಿನ ರೋಡಿಯೊ ಮೆರವಣಿಗೆಯಲ್ಲಿ ಗೂಳಿಯನ್ನು ಹಿಡಿದು ನಡೆಸುವವರು, ಹಾವೇರಿಯ ಹೋರಿ ವೀರ ಶ್ರೀ ವಿರೂಪಾಕ್ಷ.

ವಿರೂಪಾಕ್ಷ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಈ ವಿರೂಪಾಕ್ಷ ಓದಲೆಂದು ಸಿಡ್ನಿಗೆ ಬಂದು, ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಪಡೆದು, ಈಗ ಒಂದು ಆಫೀಸಿನಲ್ಲಿ ಕಂಡವರ ಲ್ಯಾಪ್‌ಟಾಪ್ ಸರಿ ಮಾಡಿಕೊಂಡಿರುವ ಸಾಧು ಪ್ರಾಣಿ. ಅವನಿಗಿದ್ದ ಚಟ ಒಂದೇ, ಕತೆ ಹೇಳುವುದು. ಊರಿನ ಹೋರಿ ಹಬ್ಬದಲ್ಲಿ ಕೊಬ್ಬರಿ ಬಟ್ಟಲಿನ ಹಾರ ಕಟ್ಟಿ ಓಡಿಸಿದ ಹೋರಿಯ ಮೇಲೆ ಎಗರಿ, ಆ ಹಾರವನ್ನು ಕಿತ್ತು ತಂದ ಕತೆ. ಎಂಟು ವರ್ಷಗಳಿಂದ ಕನ್ನಡದವರು ಸೇರಿದಲ್ಲೆಲ್ಲ ಅವನು ಅದನ್ನು ಹೇಳಿದ್ದ, ಹೇಳಿದಂತೆಲ್ಲ ಹೋರಿ ಎತ್ತರವಾಗಿತ್ತು. ನಡೆದದ್ದು ಬೇರೆ. ಅವನು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದ. ಯಾರೋ ಕಿತ್ತ ಹಾರದಿಂದ ಒಂದು ಕೊಬ್ಬರಿ ಬಟ್ಟಲು ಹಾರಿ ಬಂದು ಅವನ ತೊಡೆಯ ಮೇಲೆ ಬಿದ್ದಿತ್ತು, ಅಷ್ಟೆ.

ಆ ಕತೆಯನ್ನು ಇವತ್ತು ಬಿಟ್ಟುಕೊಡುವ ಹಾಗಿರಲಿಲ್ಲ. ಚನ್ನಮಲ್ಲಪ್ಪನವರು ಬ್ಯಾಡಗಿ ಕಡೆಯ ಹೋರಿ ಮನೆತನದವರು. ಹೆಣ್ಣು ನೋಡಲು ಹೋದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ, ಹೋರಿ ಹಿಡಿದದ್ದುಂಟೋ ಎಂದು. ಹೂಂ ಎಂದಿದ್ದಕ್ಕೇ ಸಬ್ ರಿಜಿಸ್ಟ್ರಾರ್ ವರನನ್ನು ಬಿಟ್ಟು ಇವನಿಗೆ ಮಗಳು ಗಗನಾಳನ್ನು ಕೊಟ್ಟಿದ್ದರು. ಈಗ ಮೂರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದು, ಮಂಡಿ ನೋವೆಂದು ಮೆಟ್ಟಿಲು ಹತ್ತದೆ ಕೆಳಗಿನ ರೂಮಿನಲ್ಲಿ ಬಿಡಾರ ಹೂಡಿದ್ದರು. ಸುಳ್ಳು ಬಯಲಾದರೆ ಅವರೆದುರು ತಲೆ ಎತ್ತಿ ಉಪ್ಪಿಟ್ಟು ತಿನ್ನುವುದು ಹೇಗೆಂದು ವಿರೂಪಾಕ್ಷನಿಗೆ ನಿಜಕ್ಕೂ ಹೆದರಿಕೆಯಾಯಿತು.

ಹಿತ್ತಲಿಗೆ ಓಡಿ ತೆರೇಸಾ ಆಂಟಿಗೆ ಫೋನ್ ಮಾಡಿದ. ಈ ತೆರೇಸಾ ಮಂಗಳೂರಿನವರು, ರಿಟೈರ್ ಆದ ನರ್ಸ್. ರೌಸ್ ಹಿಲ್‌ನಿಂದಾಚೆಗಿನ ಸಣ್ಣ ಊರೊಂದರ ರೋಡಿಯೊ ಎಂಬ ಗೂಳಿ ಸವಾರಿ ಜಾತ್ರೆಯ ಅರವತ್ತು ವರ್ಷದ ಮೆರವಣಿಗೆಗೆ ಜನವೇ ಬರುತ್ತಿಲ್ಲವೆಂದು, ಈ ಸಲವೂ ಬಾರದಿದ್ದರೆ ನಿಲ್ಲಿಸಿಬಿಡುತ್ತಾರೆಂದು ಕೇಳಿ ಮರುಗಿ, ಐದು ಮಂದಿ ಸ್ವಯಂಸೇವಕರನ್ನು ಕಟ್ಟಿಕೊಂಡು ಪ್ರಚಾರಕ್ಕೆ ಇಳಿದಿದ್ದರು. ತಿಂಗಳಿಡೀ ಪೆಂಡಲ್ ಹಿಲ್‌ನ ದಿನಸಿ ಅಂಗಡಿಗಳ ಮುಂದೆ ಕೌಬಾಯ್ ಹ್ಯಾಟ್ ಇಟ್ಟುಕೊಂಡು, ಬೇಳೆ ಕೊಳ್ಳಲು ಬಂದವರ ಚೀಲಕ್ಕೆ ಕರಪತ್ರ ತುರುಕಿದ್ದರು. ವಿರೂಪಾಕ್ಷನೂ ತುರುಕಿದವನೇ. ಕೊನೆಯ ಕಂತಿಗೆ ಆ ಸಾಲು ಸೇರಿದ್ದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಬೆನ್ನು ಹಿಡಿದಿದೆ, ಬರಲಾಗುವುದಿಲ್ಲ ಎಂದ.

"ಬೆನ್ನು ನಾನು ನೋಡಿಕೊಳ್ತೇನೆ ಮಾರಾಯ್ರೆ, ನಲವತ್ತು ವರ್ಷ ಅದೇ ಕೆಲಸ ಮಾಡಿದ್ದು," ಎಂದರು ತೆರೇಸಾ. "ನಿಮ್ಮ ಹೆಸರು ಹಾಕಿದ ಮೇಲೆಯೇ ಜನ ಬರ್ತೇವೆ ಅಂದದ್ದು. ಮುನ್ನೂರು ಮಂದಿ."

ಹನ್ನೊಂದಕ್ಕೆ ಆ ಊರಿನ ಜಾತ್ರೆ ಮೈದಾನವಾದ ಷೋಗ್ರೌಂಡ್‌ನಲ್ಲಿ ರೋಡಿಯೊ ಕಮಿಟಿಯ ಅಧ್ಯಕ್ಷೆ ಬೆರಿಲ್ ಅವನನ್ನು ಗೂಳಿಗೆ ಪರಿಚಯ ಮಾಡಿಕೊಟ್ಟಳು. ಗೂಳಿಯ ಹೆಸರು ಕರ್ನಲ್. ಒಂದು ಕಾಲಕ್ಕೆ ಬೆನ್ನೇರಿದವರನ್ನೆಲ್ಲ ಕೆಡವಿ, ಈಗ ನಿವೃತ್ತಿಯಲ್ಲಿತ್ತು. ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಅರೆನಿದ್ದೆಯಲ್ಲೇ ನಡೆಯುತ್ತದೆ, ಮುಂದೆ ಹಗ್ಗ ಹಿಡಿದವರ ಹಿಂದೆ ಹೋಗುವುದೊಂದೇ ಅದಕ್ಕೆ ಗೊತ್ತು, ಮಗುವಿನ ಹಾಗೆ, ಎಂದಳು ಬೆರಿಲ್. ಆ ಮಗುವಿನ ಕೊಂಬುಗಳನ್ನು ಕಂಡು ವಿರೂಪಾಕ್ಷ ಹಗ್ಗದ ತೀರಾ ತುದಿಯನ್ನು ಹಿಡಿದುಕೊಂಡ.

ಅವನ ಕತೆಯನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ತೆರೇಸಾ ಶೃಂಗಾರಕ್ಕೆ ಏನೂ ಕಡಿಮೆ ಮಾಡಿರಲಿಲ್ಲ. ಕೊಂಬಿಗೆ ಬಲೂನು, ಬೆನ್ನಿಗೆ ಗಗನಾಳ ಹಳೆಯ ಇಳಕಲ್ ಸೀರೆ, ಕೊರಳಿಗೆ ಐವತ್ತು ಕೊಬ್ಬರಿ ಬಟ್ಟಲಿನ ಹಾರ. ಚನ್ನಮಲ್ಲಪ್ಪನವರು ಹತ್ತು ಮಾರು ದೂರದಲ್ಲಿ, ಯೂಟ್ ಎಂಬ ಒಂದು ಸಣ್ಣ ಪಿಕಪ್ ಗಾಡಿಯ ಮರೆಯಲ್ಲಿ ನಿಂತು, ಹಾರವನ್ನು ಇನ್ನೂ ಬಿಗಿಯಾಗಿ ಕಟ್ಟಿರೆಂದು ಕೋಲು ತೋರಿಸಿ ಹೇಳುತ್ತಿದ್ದರು. ಮೆರವಣಿಗೆ ಊರು ಸುತ್ತಿ ಇಲ್ಲಿಗೇ ಬರುವುದಲ್ಲವೇ, ತಾವು ಇಲ್ಲೇ ನಿಂತು ಬರಮಾಡಿಕೊಳ್ಳುವುದಾಗಿ ಹೇಳಿ ಅವರು ಉಳಿದುಕೊಂಡರು.

ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು, ಅದರ ಹಿಂದೆ ಕುದುರೆಗಳು, ಕೊನೆಯಲ್ಲಿ ಕರ್ನಲ್. ಅರ್ಧ ದಾರಿ ಸುಖವಾಗಿಯೇ ಕಳೆಯಿತು. ಹೊಸ ಕೌಬಾಯ್ ಹ್ಯಾಟ್ ಹಾಕಿದ ಮುನ್ನೂರು ಕನ್ನಡಿಗರು ಎರಡೂ ಬದಿಗೆ ನಿಂತು ಅವನ ಹೆಸರು ಕೂಗುತ್ತಿದ್ದರು. ವಿರೂಪಾಕ್ಷ ಕೈ ಬೀಸತೊಡಗಿದ. ತಾನು ನಿಜಕ್ಕೂ ಒಮ್ಮೆ ಹಾರ ಕಿತ್ತಿದ್ದೆನೇನೋ ಎಂದು ಅವನಿಗೇ ಅನ್ನಿಸಹತ್ತಿತು.

ಎಡವಟ್ಟಾದದ್ದು ಬೇಕರಿಯ ಮುಂದೆ. ಅಲ್ಲಿ ಶಿಕಾರಿಪುರದ ರಾಜಣ್ಣನೆಂಬ ಅಕೌಂಟೆಂಟ್ ನಿಂತಿದ್ದ. ಇಪ್ಪತ್ತು ವರ್ಷ ಟ್ಯಾಕ್ಸ್ ರಿಟರ್ನ್ ಬಿಟ್ಟು ಬೇರೇನೂ ಹಿಡಿಯದ ಮನುಷ್ಯ. ಕೊಬ್ಬರಿ ಹಾರ ತೊಟ್ಟ ಹೋರಿ ಕಣ್ಣೆದುರು ಹಾದುಹೋಗುತ್ತಿದೆ, ಒಬ್ಬನೂ ಮೈಮೇಲೆ ಬೀಳುತ್ತಿಲ್ಲ ಎಂಬುದನ್ನು ಅವನ ಕೈಕಾಲು ತಡೆದುಕೊಳ್ಳಲಿಲ್ಲ. ಕನ್ನಡಕ ಬಿಚ್ಚಿ ಹೆಂಡತಿಯ ಕೈಗಿತ್ತು, ರಸ್ತೆ ಬದಿಯ ಬೇಲಿ ಹಾರಿ, ಹೋ ಎಂದು ನುಗ್ಗಿದ. ಅದನ್ನು ಕಂಡು ಸೊರಬ, ಹಾನಗಲ್, ಹಿರೇಕೆರೂರಿನ ಇನ್ನೂ ಇಪ್ಪತ್ತು ಗೃಹಸ್ಥರು ಬೇಲಿ ಹಾರಿದರು.

ಕರ್ನಲ್‌ನ ಇಷ್ಟು ವರ್ಷದ ನಿದ್ದೆ ಹಾರಿಹೋಯಿತು. ಆಸ್ಟ್ರೇಲಿಯದ ಎಂಥೆಂಥ ಪಟಿಂಗರನ್ನೋ ಕಂಡ ಗೂಳಿ ಅದು, ಆದರೆ ಅಕೌಂಟೆಂಟುಗಳು ಮೈಮೇಲೆ ಬಿದ್ದ ಅನುಭವ ಇರಲಿಲ್ಲ. ಅದು ಗುಟುರು ಹಾಕುವ ಮೊದಲೇ ವಿರೂಪಾಕ್ಷ ಹಗ್ಗ ಬಿಸಾಕಿ ಓಟ ಕಿತ್ತ. ಮುಂದಿದ್ದವನ ಹಿಂದೆ ಹೋಗುವುದೊಂದನ್ನೇ ಕಲಿತ ಕರ್ನಲ್ ಅವನ ಹಿಂದೆಯೇ ಓಡಿತು. ಅವನು ಎಡಕ್ಕೆ ತಿರುಗಿದರೆ ಅದೂ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಬ್ಯಾಂಡಿನವರು ಡೋಲು ಬಿಟ್ಟು ದಾರಿ ಕೊಟ್ಟರು.

ಷೋಗ್ರೌಂಡಿನ ಗೇಟು ದಾಟಿದರೆ ಎದುರಿಗೆ ಕುದುರೆ ಸಾಗಿಸುವ ದೊಡ್ಡ ಲಾರಿ. ಹಿಂಬದಿಯ ಏಣಿಯನ್ನು ಎರಡೇ ಹೆಜ್ಜೆಗೆ ಹತ್ತಿ ಅವನು ಲಾರಿಯ ನೆತ್ತಿಯ ಮೇಲೆ ಬಿದ್ದ. ಉಸಿರು ಬಂದ ಮೇಲೆ ತಲೆ ಎತ್ತಿದರೆ, ಅಲ್ಲಿ ಮೊದಲೇ ಒಬ್ಬರು ಕೂತಿದ್ದರು. ಪಂಚೆ ಎತ್ತಿ ಕಟ್ಟಿ, ರುಮಾಲು ಜಾರಿಸಿಕೊಂಡು, ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆಯುತ್ತಿದ್ದ ಚನ್ನಮಲ್ಲಪ್ಪನವರು.

ಮಾವ ಕಣ್ಣು ಬಿಟ್ಟು ಅಳಿಯನನ್ನು ಕಂಡರು.

"ಅಳಿಯಂದ್ರ, ಮನ್ಯಾಗ ಹೋರಿ ಇದ್ದದ್ದು ಖರೆ," ಎಂದರು ಮಾವ ಸಣ್ಣ ದನಿಯಲ್ಲಿ. "ಹಿಡೀತಿದ್ದವ ಆಳುಮನಷ್ಯಾ. ನಾ ಮಾಳಗಿ ಮ್ಯಾಲ ನಿಂತು ನೋಡತಿದ್ದೆ. ಗಗನಾಗ ಹೇಳಬ್ಯಾಡ್ರಿ."

ವಿರೂಪಾಕ್ಷನಿಗೆ ಸಂತೋಷದಿಂದ ಅಳುವೇ ಬಂತು. "ನಾನೂ ಸಾಲಿ ಗ್ವಾಡಿ ಮ್ಯಾಲ ಇದ್ದೆ, ಮಾವಾರ," ಎಂದುಬಿಟ್ಟ. ಎಂಟು ವರ್ಷದ ಭಾರ ಇಳಿದಂತಾಯಿತು. ಮಾವ ಅಳಿಯ ಕೈ ಕೈ ಹಿಡಿದುಕೊಂಡರು. ಇಬ್ಬರ ನಡುವೆ ಅಂಥ ಪ್ರೀತಿ ಮದುವೆಯ ದಿನವೂ ಇರಲಿಲ್ಲ.

ಕೆಳಗೆ ಕರ್ನಲ್ ಲಾರಿಗೆ ಮೈ ತಿಕ್ಕಿ ಹಾರ ಹರಿದುಕೊಂಡು, ಉದುರಿದ ಕೊಬ್ಬರಿಯನ್ನು ನಿಧಾನಕ್ಕೆ ಮೆಲ್ಲುತ್ತ ಮತ್ತೆ ತೂಕಡಿಸತೊಡಗಿತ್ತು. ವಿರೂಪಾಕ್ಷ ಮೆಲ್ಲಗೆ ಇಳಿದು, ಏಣಿಗೆ ಸಿಕ್ಕಿಕೊಂಡಿದ್ದ ಅರ್ಧ ಹಾರವನ್ನು ಬಿಡಿಸಿ ಕೈಗೆತ್ತಿಕೊಳ್ಳುವುದಕ್ಕೂ, ಮುನ್ನೂರು ಜನ ಗೇಟಿನೊಳಕ್ಕೆ ನುಗ್ಗುವುದಕ್ಕೂ ಸರಿಹೋಯಿತು. ಅವರು ಕಂಡದ್ದು ನಿದ್ದೆ ಹೋದ ಗೂಳಿ, ಹಾರ ಹಿಡಿದ ವೀರ. ರಾಜಣ್ಣನಂತೂ ಬಂದು ಕಾಲು ಮುಟ್ಟಿ ನಮಸ್ಕರಿಸಿದ.

ಜನರ ಜೊತೆ ಓಡಿಬಂದಿದ್ದ ಗಗನಾ ಮಾತ್ರ ಲಾರಿಯ ಮೇಲೆ ನೋಡಿದಳು. "ಅಪ್ಪಾ, ಮನಿ ಮೆಟ್ಟಲಾ ಹತ್ತಾಕ ಆಗಂಗಿಲ್ಲ ಅಂತೀರಿ. ಅಲ್ಲಿಗೆ ಹೆಂಗ ಹೋದ್ರಿ?"

ಚನ್ನಮಲ್ಲಪ್ಪನವರು ರುಮಾಲು ಸರಿಮಾಡಿಕೊಂಡರು. "ಅಳಿಯಂದ್ರ ಪರಾಕ್ರಮ ನೋಡಾಕ ಏರಿದೆ, ಮಂಡಿ ನೋವಾ ಮರ್ತಹೋತು. ಒಂದ ಕೈಲೆ ಕೊಂಬ ಹಿಡದು ನಿಂದರಿಸಿದ್ರವ್ವಾ. ಇಂಥಾದನ್ನ ನನ್ನ ಜನ್ಮದಾಗ ನೋಡಿಲ್ಲ."

ತೆರೇಸಾ ಅದನ್ನು ಇಂಗ್ಲಿಷಿನಲ್ಲಿ, ಎರಡೂ ಕೈ ಮಾಡಿ ಬೆರಿಲ್‌ಗೆ ಹೇಳಿದರು. ಬೆರಿಲ್ ಕಣ್ಣೊರೆಸಿಕೊಂಡಳು. ಮೆರವಣಿಗೆ ಉಳಿಯಿತು, ಮುಂದಿನ ವರ್ಷವೂ ನಡೆಯುತ್ತದೆ ಎಂದಳು. ಆಮೇಲೆ ಜೇಬಿನಿಂದ ಒಂದು ಫಾರಂ ತೆಗೆದಳು. ಮೂರು ಗಂಟೆಯ ಗೂಳಿ ಸವಾರಿಗೆ ಒಬ್ಬ ಕಡಿಮೆ ಬಿದ್ದಿದ್ದಾನಂತೆ, ಗೂಳಿ ಕರ್ನಲ್‌ನ ಮಗನಂತೆ, ಎಂಟು ಸೆಕೆಂಡು ಬೆನ್ನ ಮೇಲೆ ಕೂತಿದ್ದರೆ ಸಾಕಂತೆ.

ಜನ ಚಪ್ಪಾಳೆ ತಟ್ಟಿದರು. ವಿರೂಪಾಕ್ಷ ಮಾವನ ಮುಖ ನೋಡಿದ. ನಿಜ ಹೇಳಿದರೆ ಇಬ್ಬರ ಮರ್ಯಾದೆಯೂ ಹೋಗುತ್ತಿತ್ತು. ಕೈಗೆ ಪೆನ್ನು ಬಂತು, ಸಹಿಯೂ ಬಿತ್ತು.

ಚನ್ನಮಲ್ಲಪ್ಪನವರು ಮಂಡಿ ಹಿಡಿದುಕೊಂಡು ಕೆಳಗಿಳಿದು, ಅಳಿಯನ ಹೆಗಲ ಮೇಲೆ ಕೈ ಹಾಕಿ ಕಿವಿಯಲ್ಲಿ ಹೇಳಿದರು:

"ಹೆದರಬ್ಯಾಡ್ರಿ. ಲಾರಿ ಮ್ಯಾಲ ನಿಮಗೂ ಒಂದ ಜಾಗಾ ಹಿಡದಿರ್ತೇನಿ."