ಐದು ಲಕ್ಷದ ಯಂತ್ರ, ಮೂರು ಗ್ರಾಂ ಹೊಟ್ಟೆಕಿಚ್ಚು

ಚಿನ್ನ ಹುಡುಕುವುದಾದರೆ ಪೇಟೆಯಲ್ಲೇ ಅತಿ ದುಬಾರಿ ಯಂತ್ರದಿಂದ ಹುಡುಕುತ್ತೇನೆ, ಇಲ್ಲವಾದರೆ ಈ ಕೈಯಿಂದ ಇನ್ನು ತಕ್ಕಡಿ ಮುಟ್ಟುವುದಿಲ್ಲ ಎಂದು ಗುಲಗಂಜಿ ಊಟದ ತಟ್ಟೆಯ ಮುಂದೆ ಶಪಥ ಮಾಡಿದ. ಅಂಗಡಿಗಳ ತಕ್ಕಡಿ ರಿಪೇರಿ ಅವನ ಕಸುಬು. ಗುಲಗಂಜಿಯಷ್ಟು ತೂಕ ಹೆಚ್ಚುಕಡಿಮೆಯಾದರೂ ಸಹಿಸದ ಆಸಾಮಿ ಎಂದು ಚಿನ್ನದಂಗಡಿಯವರು ಇಟ್ಟ ಹೆಸರು ಅದು.

ಶಪಥಕ್ಕೆ ಕಾರಣ ಅವನ ಷಡ್ಡಕ, ಅಂದರೆ ನಾದಿನಿಯ ಗಂಡ. ಮನೆಗಳಿಗೆ ಟೈಲ್ಸ್ ಹಾಕುವವನು. ಎಂಟು ಸಾವಿರದ ಒಂದು ಮೆಟಲ್ ಡಿಟೆಕ್ಟರ್ ಹಿಡಿದುಕೊಂಡು ರಜಾದಿನಗಳಲ್ಲಿ ಒಣಹೊಳೆಯ ದಂಡೆ ಸುತ್ತುತ್ತಿದ್ದ. ಅಲ್ಲಿಯವರೆಗೆ ಗುಲಗಂಜಿಗೆ ಅವನೆಂದರೆ ಬಲು ಪ್ರೀತಿ. ತನಗಿಂತ ಕಡಿಮೆ ಸಂಪಾದಿಸುವವರ ಮೇಲೆಲ್ಲ ಅವನಿಗೆ ಪ್ರೀತಿಯೇ. ಆದರೆ ಒಂದು ಭಾನುವಾರ ಷಡ್ಡಕ ಅಂಗೈಯಲ್ಲಿ ಚಿನ್ನದ ಗಟ್ಟಿಯೊಂದನ್ನು ತಂದ. ತಂದದ್ದಾದರೂ ಎಲ್ಲಿಗೆ? ಗುಲಗಂಜಿಯ ತಕ್ಕಡಿಗೇ.

"ಅಣ್ಣ, ಇದನ್ನ ಸ್ವಲ್ಪ ತೂಗಿಕೊಡ್ತೀರಾ? ನೀವು ತೂಗಿದ್ರೇನೇ ನಿಮ್ಮ ನಾದಿನಿಗೆ ನಂಬಿಕೆ."

ಮೂರು ಗ್ರಾಂ ಇನ್ನೂರು ಮಿಲಿಗ್ರಾಂ. ತನ್ನ ತಕ್ಕಡಿ ಅಷ್ಟು ಸರಿಯಾಗಿರುವುದಕ್ಕೆ ಗುಲಗಂಜಿ ಮೊದಲ ಸಲ ಬೇಸರಪಟ್ಟ. ಮರುವಾರ ನಾದಿನಿ ಅದನ್ನು ಸರಕ್ಕೆ ಪೋಣಿಸಿಕೊಂಡು ಬಂದು, ಸೆಕೆಯೇ ಇಲ್ಲದ ಕೋಣೆಯಲ್ಲಿ ಕುತ್ತಿಗೆಗೆ ಗಾಳಿ ಬೀಸಿಕೊಂಡಳು. ಅವನ ಹೊಟ್ಟೆಯೊಳಗೆ ಹೊತ್ತಿದ ಕಿಚ್ಚಿನಲ್ಲಿ ಆ ದಿನದ ಅಡುಗೆಯನ್ನೇ ಮುಗಿಸಬಹುದಿತ್ತು.

ಡಿಟೆಕ್ಟರ್ ಅಂಗಡಿಯಲ್ಲಿ ಮೂರು ಯಂತ್ರಗಳಿದ್ದವು. ಅಂಗಡಿಯವನು ಸತ್ಯವಂತ, ಅದೇ ಅನಾಹುತ.

"ಇದು ಹತ್ತು ಸಾವಿರ, ನಾಣ್ಯ ಹುಡುಕೋಕೆ ಸಾಕು. ಇದು ಒಂದು ಲಕ್ಷ. ಆ ಮೂಲೇಲಿರೋದು ಐದು ಲಕ್ಷ. ಆಳದಲ್ಲಿ ಅಕ್ಕಿಕಾಳಿನಷ್ಟು ಚಿನ್ನ ಇದ್ರೂ ಕೂಗುತ್ತೆ. ಮಣ್ಣಲ್ಲಿರೋ ಕಬ್ಬಿಣದಂಶಕ್ಕೆ ಬಾಕಿ ಯಂತ್ರ ತಲೆ ಕೆಡಿಸ್ಕೊಂಡ್ರೆ ಇದು ಕೆಡಿಸ್ಕೊಳ್ಳಲ್ಲ. ನೀವು ಬೆಲೆ ಕೊಡೋದು ಆ ಸೂಕ್ಷ್ಮಕ್ಕೆ ಸಾರ್. ಚಿನ್ನ ಅಲ್ಲಿರಬೇಕು ಅಷ್ಟೆ, ಅದನ್ನ ಕಂಪನಿ ಕೊಡಲ್ಲ."

ಕೊನೆಯ ಮಾತು ಗುಲಗಂಜಿಯ ಕಿವಿಗೆ ಬೀಳಲೇ ಇಲ್ಲ. ಅವನು ಆಗಲೇ ಲೆಕ್ಕದಲ್ಲಿದ್ದ: ಎಂಟು ಸಾವಿರದ್ದಕ್ಕೆ ಮೂರು ಗ್ರಾಂ ಇನ್ನೂರು ಮಿಲಿ ಆದರೆ ಐದು ಲಕ್ಷದ್ದಕ್ಕೆ ಇನ್ನೂರು ಗ್ರಾಂ! ತೂಕದ ಕಲ್ಲುಗಳನ್ನು ಹೇರುವ ವ್ಯಾನು ಮಾರಿದ. ಸಾಲದೆ ಬಂದದ್ದಕ್ಕೆ ಉಳಿತಾಯವನ್ನೆಲ್ಲ ಬಳಿದ.

"ಐದು ಲಕ್ಷ ಕೊಟ್ರೆ ಅಂಗಡೀಲೇ ಚಿನ್ನ ಕೊಡ್ತಾರಲ್ಲ," ಎಂದಳು ಹೆಂಡತಿ.

"ಕೊಂಡ ಚಿನ್ನವೇ ಬೇರೆ, ಸಿಕ್ಕ ಚಿನ್ನವೇ ಬೇರೆ ಕಣೆ."

"ನಿಮ್ಮ ತಕ್ಕಡೀಲಿಟ್ರೂ ಬೇರೆ ಬೇರೆ ತೂಗುತ್ತಾ?"

ವ್ಯಾನಿಲ್ಲದ ಗುಲಗಂಜಿ ಕೆಲಸಕ್ಕೆಂದು ಇಪ್ಪತ್ತು ಕಿಲೋ ಕಲ್ಲುಗಳನ್ನು ಹೆಗಲಿಗೇರಿಸಿ ಬಸ್ಸು ಹತ್ತಿದ.

ನಾಲ್ಕು ಭಾನುವಾರ ಹೊಳೆಯಲ್ಲಿ ಅಗೆದ. ಯಂತ್ರ ಮಾತು ತಪ್ಪಲಿಲ್ಲ, ಎಲ್ಲದಕ್ಕೂ ಕೂಗಿತು. ನಲವತ್ತೊಂದು ಬಾಟಲಿ ಮುಚ್ಚಳ, ಒಂದು ಬೆಲ್ಟಿನ ಬಕಲ್, ಒಂದು ಬಾಗಿಲಿನ ಕೀಲು ಸಿಕ್ಕವು. ಒಂದೆಡೆ ಮೊಣಕಾಲುದ್ದ ತೋಡಿದ ಮೇಲೆ, ಅದು ಕೂಗುತ್ತಿದ್ದದ್ದು ತನ್ನ ಬೂಟಿನ ಮೊಳೆಗೆ ಎಂದು ತಿಳಿಯಿತು.

"ಏನಾದ್ರೂ ಸಿಕ್ತಾ ಅಣ್ಣ?" ಎಂದು ಷಡ್ಡಕ ವಾರವಾರ ಫೋನ್ ಮಾಡುತ್ತಿದ್ದ. ಆ ದನಿಯಲ್ಲಿನ ವಿನಯ ಗಾಯಕ್ಕೆ ಉಪ್ಪು ಸವರಿದಂತಿತ್ತು.

ಐದನೆಯ ಭಾನುವಾರ ಹೆಂಡತಿ ತಂಗಿಯ ಮನೆಗೆ ಹೋಗಿದ್ದಾಗ ಗುಲಗಂಜಿ ಯಂತ್ರದ ಮಣ್ಣು ಒರೆಸುತ್ತ ಅಡುಗೆಮನೆಗೆ ಕಾಲಿಟ್ಟ. ಯಂತ್ರ ಹಾಡಿತು. ಮೊಳೆಗೆ ಕಿರುಚುವ ದನಿಯಲ್ಲ. ಇಂಪಾದ, ತುಂಬಿದ ದನಿ. ಈ ಮನೆಯನ್ನು ಮಾರಿಹೋದ ಮುದುಕ ಎಂಥ ಜುಗ್ಗ ಎಂಬುದು ಅವನಿಗೆ ಥಟ್ಟನೆ ನೆನಪಾಯಿತು. ಉಳಿ, ಸುತ್ತಿಗೆ ಬಂದವು. ನಾಲ್ಕು ಟೈಲ್ಸ್ ಚೂರಾದವು. ಗೇಣುದ್ದ ಕೆಳಗೆ ಹಳದಿ ಹೊಳಪು ಮಿಂಚಿತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದ ಹಿರಿಯರು ಹಳದಿಯ ಬಗ್ಗೆ ಏನೂ ಹೇಳಿಹೋಗಿರಲಿಲ್ಲ. ಗುಲಗಂಜಿ ಉಳಿ ಇಟ್ಟು ಮೀಟಿದ. ಅದು ನೀರಿನ ಪೈಪಿನ ಹಿತ್ತಾಳೆ ಜಾಯಿಂಟು. ಕಾರಂಜಿ ಸೂರಿಗೆ ಮುಟ್ಟಿತು.

ಹೆಂಡತಿ ಹಿಂತಿರುಗಿದಾಗ ನಡುಮನೆಯಲ್ಲಿ ಚಪ್ಪಲಿಗಳು ತೇಲುತ್ತಿದ್ದವು. ಅವಳು ಕೂಗಾಡಲಿಲ್ಲ, ನೀರಿನ ಮೇನ್ ವಾಲ್ವ್ ತಿರುಗಿಸಿ, ತಂಗಿಯ ಗಂಡನಿಗೆ ಫೋನ್ ಮಾಡಿದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಗುಲಗಂಜಿಗೆ.

ಷಡ್ಡಕ ಪೈಪು ಸರಿಮಾಡಿ, ಸಿಮೆಂಟು ಕಲಸಿ ಹೊಸ ಟೈಲ್ಸ್ ಕೂರಿಸತೊಡಗಿದ. ನಗಲಿಲ್ಲ. ಗೋಡೆಗೊರಗಿದ ಯಂತ್ರವನ್ನೇ ನೋಡಿ, "ಎಷ್ಟಾಯ್ತು ಅಣ್ಣ?" ಎಂದ.

"ಐದು ಲಕ್ಷ."

ಸಿಮೆಂಟು ಬಳಿಯುವ ಕರಣೆ ಅವನ ಕೈಯಿಂದ ಜಾರಿತು. ಅದನ್ನೆತ್ತಿಕೊಂಡು ತಗ್ಗಿದ ದನಿಯಲ್ಲಿ ಹೇಳಿದ: "ನನಗೂ ಏನೂ ಸಿಕ್ಕಿರಲಿಲ್ಲ ಅಣ್ಣ. ಆ ಗಟ್ಟಿ ಅಂಗಡೀಲಿ ಕೊಂಡಿದ್ದು. ನಿಮ್ಮ ನಾದಿನಿ ದಿನಾ ನನಗೆ ಹೇಳೋಳು, 'ಎಂಟು ಸಾವಿರ ಮಣ್ಣುಪಾಲು ಮಾಡಿದ್ರಿ, ನಮ್ಮಕ್ಕನ ಗಂಡನ್ನ ನೋಡಿ ಕಲೀರಿ, ಒಂದು ಕಾಸು ದಂಡ ಮಾಡಲ್ಲ' ಅಂತ. ನಿಮ್ಮ ಹೆಸರು ಕೇಳಿ ಕೇಳಿ ಹೊಟ್ಟೆ ಉರಿದುಹೋಗಿತ್ತು."

ಗುಲಗಂಜಿಯ ಎದೆಯ ಮೇಲಿನ ಮೂರು ಗ್ರಾಂ ಇನ್ನೂರು ಮಿಲಿ ಒಮ್ಮೆಲೇ ಇಳಿದುಹೋಯಿತು. ತನ್ನ ಮೇಲೆ ಅಸೂಯೆಪಟ್ಟವನೊಬ್ಬನಿದ್ದ! ಅವನಿಗೆ ಷಡ್ಡಕನ ಮೇಲೆ ಹಳೆಯ ಪ್ರೀತಿಯೆಲ್ಲ ಉಕ್ಕಿ ಬಂತು. ಬೆನ್ನು ತಟ್ಟಿ, "ಹೋಗಲಿ ಬಿಡಪ್ಪ. ನಾನಾದ್ರೂ ಹೆಂಡ್ತಿ ಹತ್ರ ಸುಳ್ಳು ಹೇಳಲಿಲ್ಲ," ಎಂದ.

ಬಾಗಿಲ ಬಳಿ ಕೂತು ನೆಲ ಒರೆಸುತ್ತಿದ್ದ ಹೆಂಡತಿ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು.

"ಹೌದು ರೀ. ಅವರು ಸುಳ್ಳು ಹೇಳೋಕೆ ಹೋಗಿ ಹೆಂಡ್ತಿಗೆ ಚಿನ್ನ ಕೊಟ್ರು. ನೀವು ನಿಜ ಹೇಳಿ ನನ್ನ ಕೈಗೆ ಈ ಬಟ್ಟೆ ಕೊಟ್ರಿ."