ಬಾವುಟ ಎತ್ತಿದ ಕೈ

ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ಆ ಹೊತ್ತಿನಲ್ಲಿ ಚೆಂಡನ್ನು ನೋಡುತ್ತಿರಬೇಕಾದ ನಾನು ಕೈಗಡಿಯಾರವನ್ನು ನೋಡುತ್ತಿದ್ದೆ. ಸೊರಬದಿಂದ ಶಿಕಾರಿಪುರಕ್ಕೆ ನಮ್ಮ ವ್ಯಾನು ಹೊರಡುವುದು ನಾಲ್ಕೂವರೆಗೆ, ಅಷ್ಟರೊಳಗೆ ಎಲ್ಲಾದರೂ ಒಂದು ಲೋಟ ಕಾಫಿ ಸಿಕ್ಕೀತೇ ಎಂಬ ಯೋಚನೆಯಲ್ಲಿದ್ದೆ. ತಲೆ ಎತ್ತಿದರೆ ಚೆಂಡು ಬರುತ್ತಿತ್ತು. ಬರುತ್ತಿತ್ತು ಎಂದರೆ ತೀರಾ ಸೌಮ್ಯವಾಯಿತು. ಯಾರ ಮೇಲೋ ಇದ್ದ ಸಿಟ್ಟನ್ನು ನನ್ನ ಮುಖದ ಮೇಲೆ ತೀರಿಸಿಕೊಳ್ಳಲು ನಿರ್ಧರಿಸಿದಂತೆ ಬರುತ್ತಿತ್ತು. ಆಮೇಲೆ ನಡೆದದ್ದನ್ನು ಇವತ್ತಿಗೂ ನೆನೆದರೆ ನನ್ನ ಬಲಗೈ ತಾನಾಗಿ ಹಣೆಯ ಹತ್ತಿರ ಹೋಗುತ್ತದೆ. ಇದನ್ನು ಬರೆಯುವಾಗಲೂ ಎರಡು ಸಲ ಹೋಯಿತು, ಅಕ್ಷರಗಳು ಸೊಟ್ಟಗಾಗಿವೆ.

ನಾನು ಶಿಕಾರಿಪುರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಮೆತ್ತಗೆ ಮಾತಾಡುವುದು, ಮೆತ್ತಗೆ ನಡೆಯುವುದು ಇವೇ ನನ್ನ ಉದ್ಯೋಗದ ಅರ್ಹತೆಗಳು. ಯಾರಾದರೂ ದಪ್ಪ ನಿಘಂಟನ್ನು ಕೈಜಾರಿ ಬೀಳಿಸಿದರೆ ನಾನು ಕುರ್ಚಿಯಿಂದ ಅರ್ಧ ಎದ್ದಿರುತ್ತೇನೆ. ಶಾಲೆಯಲ್ಲಿದ್ದಾಗ ಎಲ್ಲ ಆಟಗಳಲ್ಲೂ ನನಗೆ ಸ್ಥಾನವಿತ್ತು, ಸ್ಕೋರ್ ಬರೆಯುವವನಾಗಿ. ಆಗಲೂ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದೆ. ಇಂಥವನು ನಮ್ಮ ಹೆಣ್ಣುಮಕ್ಕಳ ವಾಲಿಬಾಲ್ ತಂಡದ ಅಭಿಮಾನಿಯಾದದ್ದು ಹೇಗೆಂದರೆ, ಗ್ರಂಥಾಲಯದ ಕಿಟಕಿಯಿಂದ ಅಂಕಣ ಕಾಣುತ್ತದೆ. ಸರಳುಗಳಿರುವ ಕಿಟಕಿ. ಮೂರು ವರ್ಷದಿಂದ ಸಂಜೆ ಹೊತ್ತು ಆ ಹುಡುಗಿಯರು ಅಭ್ಯಾಸ ಮಾಡುವುದನ್ನು ಸರಳುಗಳ ಹಿಂದಿನಿಂದ ನೋಡುತ್ತ ನಾನು ಧೈರ್ಯವಂತನಾಗಿ ಬೆಳೆದೆ. ಅವರ ನಾಯಕಿ ರೇಣುಕಾ, ಈಸೂರಿನ ಹುಡುಗಿ, ಕೊನೆಯ ವರ್ಷದ ಬಿ.ಎ. ನೆಗೆದು ಹೊಡೆದಳೆಂದರೆ ಶಬ್ದ ನನ್ನ ಪುಸ್ತಕದ ಕಪಾಟಿನ ಗಾಜಿಗೆ ಮುಟ್ಟುತ್ತಿತ್ತು. ಊರಲ್ಲಿ ಕಣದ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು ಅಭ್ಯಾಸ ಮಾಡಿದವಳಂತೆ. ಗಾರೆ ಉದುರಿಸಿದ್ದಕ್ಕೆ ಅವಳ ತಾಯಿ ಈಗಲೂ ಬೈಯುತ್ತಾರಂತೆ.

ಆ ಶನಿವಾರ ಸೊರಬದಲ್ಲಿ ಫೈನಲ್. ನಮ್ಮವರಿಗೂ ಸೊರಬದ ಹುಡುಗಿಯರಿಗೂ. ನಾವು ಅಭಿಮಾನಿಗಳು ಒಂದು ವ್ಯಾನಿನ ತುಂಬ ಹೊರಟಿದ್ದೆವು. ಕ್ಯಾಂಟೀನಿನ ಮಹಾದೇವಕ್ಕ ಅವತ್ತು ಒಲೆ ಆರಿಸಿ, ಬಾಗಿಲು ಹಾಕಿ, ಒಂದು ಚೀಲ ಮಂಡಕ್ಕಿ ಹೊತ್ತು ಬಂದಿದ್ದಳು. ಆಟದ ನಿಯಮಗಳಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ: ಚೆಂಡು ಅವರ ಕಡೆ ಬಿದ್ದರೆ ಕೂಗಬೇಕು. ನನಗೆ ಸೊರಬಕ್ಕೆ ಹೋಗಲು ಇನ್ನೊಂದು ಕಾರಣವೂ ಇತ್ತು. ನಾನು ಆ ತಾಲೂಕಿನ ಅಳಿಯ. ಹೆಂಡತಿ ಗಿರಿಜಾ ಹೊಸಬಾಳೆಯವಳು. ಮಧ್ಯಾಹ್ನ ಅವಳ ಅಣ್ಣ ಮಂಜುನಾಥ ಬೈಕಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗಿ, ಹೋಳಿಗೆ ಊಟ ಹಾಕಿಸಿ, ಮತ್ತೆ ಮೈದಾನಕ್ಕೆ ತಂದು ಬಿಟ್ಟಿದ್ದ. ನನ್ನ ಬದುಕಿನ ದೊಡ್ಡ ತಪ್ಪುಗಳೆಲ್ಲ ಊಟವಾದ ಮೇಲೆ ನಡೆದಿವೆ. ಈ ಬಗ್ಗೆ ಯಾರಾದರೂ ಮೊದಲೇ ಎಚ್ಚರಿಸಬಹುದಿತ್ತು.

ನಮ್ಮ ಕಡೆಯ ಟೂರ್ನಿಮೆಂಟುಗಳಲ್ಲಿ ಒಂದು ಪದ್ಧತಿಯಿದೆ. ಗೆರೆ ಕಾಯಲು ಎರಡೂ ತಂಡಗಳು ಒಬ್ಬೊಬ್ಬರನ್ನು ಕೊಡಬೇಕು. ಕೈಯಲ್ಲೊಂದು ಕೆಂಪು ಬಾವುಟ. ಚೆಂಡು ಗೆರೆಯೊಳಗೆ ಬಿದ್ದರೆ ಬಾವುಟ ಕೆಳಗೆ ತೋರಿಸಬೇಕು, ಹೊರಗೆ ಬಿದ್ದರೆ ಮೇಲಕ್ಕೆ ಎತ್ತಬೇಕು. ಆಟವನ್ನೇ ನೋಡದವರೂ ಕಲಿಯಬಹುದಾದ ಕೆಲಸ. ಆದರೆ ನಮ್ಮ ಕಡೆಯವರು ಎದುರಾಳಿಗಳ ಮೂಲೆಯಲ್ಲಿ, ಎದುರಾಳಿಗಳ ಜನರ ಮುಂದೆ ನಿಲ್ಲಬೇಕು. ಮೋಸ ಮಾಡಿದರೆ ಹಿಂದಿನಿಂದ ವಿಚಾರಿಸಿಕೊಳ್ಳಲು ಅನುಕೂಲವಾಗಲಿ ಎಂದಿರಬೇಕು. ನಮ್ಮ ದೈಹಿಕ ಶಿಕ್ಷಣದ ಚನ್ನವೀರಪ್ಪನವರು ವ್ಯಾನಿನ ನೆರಳಲ್ಲಿ ನಿದ್ದೆಗೆ ಕಣ್ಣು ಎಳೆಯುತ್ತ ನಿಂತಿದ್ದ ನನ್ನನ್ನು ಹುಡುಕಿಕೊಂಡು ಬಂದರು.

"ನೀವೇ ನಿಲ್ರೀ. ಕನ್ನಡಕದೋರಿಗೆ ಗೆರೆ ಚಲೋ ಕಾಣ್ತದ. ದಿನಾ ಸಣ್ಣ ಅಕ್ಷರ ನೋಡೋರು ನೀವು."

"ನನಗೆ ಅಭ್ಯಾಸ ಇಲ್ಲವಲ್ಲ..."

"ಅಭ್ಯಾಸ ಎದಕ್ಕ? ಚೆಂಡು ನೋಡೋದು, ಕೈ ಎತ್ತೋದು. ಹೋಗ್ರಿ, ಹೋಗ್ರಿ."

ಹೋದೆ. ಮೊದಲೆರಡು ಸೆಟ್ಟುಗಳಲ್ಲಿ ನನ್ನ ಮೂಲೆಯ ಕಡೆ ಒಂದು ಚೆಂಡೂ ಬರಲಿಲ್ಲ. ಸೆಟ್ಟು ಒಂದೊಂದಾಗಿ ಸಮವಾಯಿತು. ಹಿಂದೆ ಕೊಡೆ ಹಿಡಿದು ನಿಂತಿದ್ದ ಒಬ್ಬ ಹಿರಿಯರು, "ಎಂತ ಮಾರಾಯ್ರೆ, ಬಾವುಟ ಹಿಡ್ಕೊಂಡು ಹಾಗೇ ನಿಂತಿದೀರಿ, ರೈಲು ಬರುತ್ತಾ?" ಎಂದು ನಗಿಸುತ್ತಿದ್ದರು. ನಾನೂ ನಕ್ಕೆ. ನಿರ್ಣಾಯಕ ಸೆಟ್ಟು ಹದಿಮೂರು ಹದಿನಾಲ್ಕಕ್ಕೆ ಬಂತು. ಅವರಿಗೆ ಒಂದು ಪಾಯಿಂಟು ಸಿಕ್ಕರೆ ಮುಗಿಯಿತು. ನಮ್ಮವರು ಮೂರು ಸಲ ನೆಲಕ್ಕೆ ಬಿದ್ದು ಚೆಂಡು ಎತ್ತಿದರು, ಮಹಾದೇವಕ್ಕ ನಿಯಮ ಮರೆತು ಎಲ್ಲದಕ್ಕೂ ಕೂಗಿದಳು. ಆಗ ನಾನು ಗಡಿಯಾರ ನೋಡಿದೆ. ಆ ಕ್ಷಣದಲ್ಲೇ ರೇಣುಕಾ ನೆಗೆದು ಹೊಡೆದಳು.

ನಾನು ಬಾವುಟದಿಂದ ಮುಖ ಮುಚ್ಚಿಕೊಂಡೆ. ಇಷ್ಟೇ ನಡೆದದ್ದು. ಕಣ್ಣು ಅದಕ್ಕೂ ಮೊದಲೇ ಮುಚ್ಚಿತ್ತು. ಯಾವುದೋ ಶಬ್ದ ನನ್ನ ಮೊಣಕಾಲಿನ ಹತ್ತಿರ ಕೇಳಿಸಿತು, ಗಾಳಿ ಪ್ಯಾಂಟಿಗೆ ಬಡಿಯಿತು. ಎತ್ತರದ ಕುರ್ಚಿಯಲ್ಲಿ ಕೂತಿದ್ದ ಅಂಪೈರ್‌ಗೆ ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು. ಆತ ನನ್ನ ಕಡೆ ನೋಡಿದ, ಬಾವುಟ ಮೇಲಿತ್ತು, ಸೀಟಿ ಊದಿದ. ನಾನು ಕಣ್ಣು ಬಿಡುವಷ್ಟರಲ್ಲಿ ಸೊರಬದ ಹುಡುಗಿಯರು ಆ ಮೂಲೆಯಲ್ಲೇ ಕುಣಿಯುತ್ತಿದ್ದರು. ಚೆಂಡಿನ ಗುರುತು, ಸುಣ್ಣದ ಗೆರೆ, ಎರಡೂ ಅವರ ಕಾಲಡಿ ಅಳಿಸಿಹೋದವು. ನಮ್ಮ ಹುಡುಗಿಯರು ಅಂಪೈರ್ ಹತ್ತಿರ ಜಗಳಕ್ಕೆ ಓಡಿದರು. ರೇಣುಕಾ ಅವರನ್ನು ತೋಳು ಹಿಡಿದು ನಿಲ್ಲಿಸಿದಳು.

"ಸರ್ ಹೊರಗೆ ಅಂದ್ರೆ ಹೊರಗೇ. ನಮ್ ಸರ್ ಅವ್ರು. ಸುಳ್ಳು ಹೇಳ್ತಾರಾ?"

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಕೊಡೆಯ ಹಿರಿಯರು ಹಿಂದಿನಿಂದ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಬಿಟ್ಟರು. "ನಿಮ್ಮಂತೋರು ಇರೋದ್ರಿಂದ್ಲೇ ಮಾರಾಯ್ರೆ ಮಳೆ ಬೆಳೆ ಆಗೋದು" ಎಂದರು. ಮಳೆ ಬೆಳೆಯನ್ನೇ ನನ್ನ ಹೆಗಲ ಮೇಲೆ ಹಾಕಿದ ಮೇಲೆ ಬಾಯಿ ಮುಚ್ಚಿಕೊಳ್ಳದೆ ಇನ್ನೇನು ಮಾಡಲಿ?

ವ್ಯಾನಿನಲ್ಲಿ ಸೋಲಿನ ವಿಚಾರಣೆ ನಡೆಯಿತು. ಬಿಸಿಲು ಕಾರಣ ಎಂದರು ಒಬ್ಬರು. ಅಂಕಣ ನಮ್ಮ ಕಡೆಗೆ ಇಳಿಜಾರು ಎಂದರು ಇನ್ನೊಬ್ಬರು. ಊಟಕ್ಕೆ ಮೊಸರು ಬಡಿಸಿದ್ದೇ ಸೊರಬದವರ ಉಪಾಯ, ನಮ್ಮ ಹುಡುಗಿಯರಿಗೆ ಮಂಪರು ಬರಲೆಂದು, ಎಂಬುದು ಮಹಾದೇವಕ್ಕನ ತೀರ್ಮಾನ. ನನ್ನ ಹೆಸರು ಮಾತ್ರ ಬಹಳ ಹೊತ್ತು ಯಾರ ಬಾಯಲ್ಲೂ ಬರಲಿಲ್ಲ. ಬಂದಾಗ ಹೀಗೆ ಬಂತು.

"ಹೆಂಡ್ತಿ ಊರಿನ ಹೋಳಿಗಿ ತಿಂದು ಕೈ ಎತ್ತಿದ್ರು ಅಂತ ನಾನೂ ಮೊದ್ಲು ಅಂದ್ಕಂಡೆ ನೋಡ್ರೀ" ಎಂದಳು ಮಹಾದೇವಕ್ಕ. "ಆಮ್ಯಾಲೆ ಅನ್ನಿಸ್ತು, ಇಂಥೋರು ಹಂಗೆ ಮಾಡಾರಲ್ಲ ಬಿಡು ಅಂತ."

"ತಮ್ಮ ತಂಡದ್ದೇ ಔಟ್ ಅನ್ನಾಕ ಎದೆಗಾರಿಕೆ ಬೇಕ್ರೀ" ಎಂದರು ಚನ್ನವೀರಪ್ಪ. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಅದನ್ನೂ ವಿನಯ ಎಂದುಕೊಂಡರು.

ಮರುದಿನ ಹೊಸಬಾಳೆಯಿಂದ ಮಂಜುನಾಥನ ಫೋನು. "ಭಾವ, ಇಲ್ಲಿ ಎಲ್ಲಾ ನಿಮ್ಮ ಸುದ್ದೀನೇ ಮಾರಾಯ್ರೆ. ಇಂಥ ಸತ್ಯವಂತ ಅಳಿಯ ನಮ್ಮೂರಿಗೆ ಅಂತ. ಬನ್ನಿ ಒಂದ್ಸಲ, ಶಾಲು ಹೊದಿಸ್ಬೇಕು ಅಂತಿದ್ದಾರೆ ಸಂಘದೋರು." ಒಂದು ಹೇಡಿತನಕ್ಕೆ ಎರಡು ತಾಲೂಕುಗಳಲ್ಲಿ ಏಕಕಾಲಕ್ಕೆ ಕೀರ್ತಿ ಬಂದ ಉದಾಹರಣೆ ಬೇರೆ ಇದೆಯೋ ಇಲ್ಲವೋ, ನನ್ನ ಗ್ರಂಥಾಲಯದಲ್ಲಂತೂ ಸಿಗಲಿಲ್ಲ.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಸಾಕು, ಚೆಂಡು ಬರುತ್ತಿತ್ತು. ಸೋಮವಾರ ಬೆಳಿಗ್ಗೆ ತಿಂಡಿ ಬಡಿಸುತ್ತ ಗಿರಿಜಾ ಹೇಳಿದಳು, "ರೀ, ನಿದ್ದೆಯಲ್ಲಿ ಕೈ ಎತ್ತುತ್ತೀರಲ್ಲ, ಯಾಕೆ? ನನ್ನ ಮೂಗಿಗೆ ಎರಡು ಸಲ ಬಿತ್ತು. ನಿಮ್ಮ ಜೊತೆ ನನಗೂ ನಿದ್ದೆ ಇಲ್ಲ." ಏನೋ ಸಬೂಬು ಹೇಳಿದೆ. ಅವಳು ಒಳಗೆ ಹೋಗಿ ನಮ್ಮ ಮದುವೆಯ ಆಲ್ಬಮ್ ತಂದು ದೋಸೆಯ ಪಕ್ಕದಲ್ಲಿಟ್ಟಳು. ಆ ಆಲ್ಬಮ್ಮಿನ ಬಗ್ಗೆ ಹೇಳಬೇಕು. ಜನ ಅಕ್ಷತೆ ಎಸೆಯುತ್ತಿರುವ ಹನ್ನೊಂದು ಫೋಟೋಗಳಿವೆ ಅದರಲ್ಲಿ. ಹನ್ನೊಂದರಲ್ಲೂ ನಾನು ಕಣ್ಣು ಮುಚ್ಚಿದ್ದೇನೆ. ಮೂರರಲ್ಲಿ ಕೈ ಕೂಡ ಮುಖದ ಹತ್ತಿರವಿದೆ. ಎಂದೋ ಒಮ್ಮೆ ಭಕ್ತಿ ಎಂದು ಹೇಳಿ ತಪ್ಪಿಸಿಕೊಂಡಿದ್ದೆ.

"ಅಕ್ಕಿಕಾಳಿಗೇ ಹೀಗೆ" ಎಂದಳು ಗಿರಿಜಾ. "ಆ ಚೆಂಡನ್ನ ನೀವು ನೋಡಿದ್ರಾ?"

ಇಪ್ಪತ್ತು ವರ್ಷ ಸಂಸಾರ ಮಾಡಿದವಳ ಮುಂದೆ ಬಾವುಟ ಅಡ್ಡ ಹಿಡಿಯಲು ಆಗುವುದಿಲ್ಲ. ಒಪ್ಪಿಕೊಂಡೆ. "ಆದರೆ ನಿಜವಾಗಿಯೂ ಹೊರಗೇ ಬಿದ್ದಿರಬಹುದಲ್ಲ" ಎಂದೂ ಸೇರಿಸಿದೆ. ಆ 'ಬಹುದಲ್ಲ'ದ ಆಸರೆಯ ಮೇಲೆ ನಾನು ಎರಡು ದಿನ ಬದುಕಿದೆ.

ಬುಧವಾರ ರೇಣುಕಾ ಪುಸ್ತಕ ಹಿಂದಿರುಗಿಸಲು ಬಂದಳು. ಮುಂದಿನ ವಾರ ಶಿವಮೊಗ್ಗದಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆ ಇತ್ತು. ಕೊನೆಯ ವರ್ಷದವಳಿಗೆ ಅದೇ ಕೊನೆಯ ಅವಕಾಶ. ಅಭ್ಯಾಸ ಹೇಗೆ ನಡೆದಿದೆ ಎಂದು ಕೇಳಿದೆ.

"ನಾ ಹೋಗಲ್ಲ ಸರ್."

"ಯಾಕಮ್ಮ?"

"ಬೇಕಾದ ಹೊತ್ನಾಗ ಒಂದು ಚೆಂಡು ಒಳಗೆ ಹಾಕಕ್ ಆಗ್ಲಿಲ್ಲ. ಅಷ್ಟು ವರ್ಷ ಗ್ವಾಡಿಗೆ ಹೊಡೆದಿದ್ದು ಎದಕ್ಕೆ ಬಂತು? ನನಗೇನೋ ಒಳಗೇ ಬಿತ್ತು ಅನ್ನಿಸಿತ್ತು. ನನ್ನ ಕಣ್ಣೇ ಸರಿ ಇಲ್ಲ. ನೀವು ಹತ್ರದಾಗೇ ನಿಂತು ನೋಡಿದ್ರಲ್ಲ."

ನೋಡಿದ್ರಲ್ಲ! ಚೆಂಡು ಮುಖಕ್ಕೇ ಬಿದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಪುಸ್ತಕದ ಮೇಲೆ ಮುದ್ರೆ ಒತ್ತುವುದನ್ನು ಬಿಟ್ಟು ಎಲ್ಲ ಹೇಳಿದೆ. ಗಡಿಯಾರ, ಕಣ್ಣು, ಬಾವುಟ, ಎಲ್ಲ. ಅವಳು ನಿಧಾನವಾಗಿ ಕೇಳಿ, ತಲೆ ತಗ್ಗಿಸಿ, "ನನ್ ಸಮಾಧಾನಕ್ಕೆ ಹಿಂಗೆ ಹೇಳ್ತೀರಿ. ಇರ್ಲಿ ಬಿಡ್ರಿ ಸರ್" ಎಂದು ಹೊರಟುಹೋದಳು.

ಗುರುವಾರ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿದೆ. ಚನ್ನವೀರಪ್ಪನವರು ನನ್ನ ಬೆನ್ನು ತಟ್ಟಿದರು. ಮಹಾದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಹುಡುಗಿ ಬ್ಯಾಸರ ಮಾಡ್ಕಂಡೈತಿ ಅಂತ ತಪ್ಪು ತಮ್ ಮ್ಯಾಲೆ ಹಾಕ್ಕಂತಾರ. ಎಂಥ ದೊಡ್ಡ ಮನ್ಸು!" ಎಂದು ನನ್ನ ತಟ್ಟೆಗೆ ಕೇಳದೆ ಇನ್ನೊಂದು ವಡೆ ಹಾಕಿದಳು. ಸತ್ಯವಂತನೆಂದು ಒಮ್ಮೆ ಹೆಸರಾದರೆ ಆಮೇಲೆ ಸತ್ಯ ಹೇಳುವುದು ಬಹಳ ಕಷ್ಟ. ವಡೆ ತಿಂದೆ. ತಿನ್ನುವಾಗಲೇ ತಿಳಿಯಿತು, ಮಾತಿನಿಂದ ಇದು ಬಗೆಹರಿಯುವುದಿಲ್ಲ, ಆ ಮೂಲೆಯಲ್ಲಿ ಮತ್ತೊಮ್ಮೆ ನಿಲ್ಲಬೇಕು.

ಸಂಜೆ ನಾಲ್ಕಕ್ಕೆ ನಮ್ಮ ಅಂಕಣದ ಮೂಲೆಯಲ್ಲಿ ಕೆಂಪು ಬಾವುಟ ಹಿಡಿದು ನಿಂತೆ. ಚನ್ನವೀರಪ್ಪನವರೇ ರೇಣುಕಾಳನ್ನು ಕರೆಸಿದರು. ತಂಡದ ಹುಡುಗಿಯರು, ಮಹಾದೇವಕ್ಕ, ವ್ಯಾನಿನಲ್ಲಿ ಬಂದಿದ್ದ ಅಷ್ಟೂ ಜನ ಸುತ್ತ ಸೇರಿದರು. "ಅವತ್ತು ಹೊಡೆದ ಹಾಗೇ ಹೊಡಿಯಮ್ಮ" ಎಂದೆ. ಗುಟ್ಟಾಗಿ ಒಂದು ಆಸೆಯೂ ಇತ್ತು. ಇವತ್ತು ಕಣ್ಣು ಬಿಟ್ಟೇ ನಿಂತು, ತಪ್ಪನ್ನೂ ಒಪ್ಪಿಸಿ, ಮರ್ಯಾದೆಯನ್ನೂ ಉಳಿಸಿಕೊಳ್ಳಬೇಕು ಎಂದು.

ಮೊದಲ ಏಟು. ಕಣ್ಣು ಬಿಟ್ಟಾಗ ಬಾವುಟ ನನ್ನ ಮೂಗಿನ ಮೇಲಿತ್ತು, ಚೆಂಡಿನ ಗುರುತು ಗೆರೆಯಿಂದ ಒಂದು ಗೇಣು ಒಳಗಿತ್ತು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ನಾಲ್ಕನೆಯದು ಬಲೆಗೇ ಬಡಿದು ಅವಳ ಕಡೆಯೇ ಬಿತ್ತಂತೆ. ಅದಕ್ಕೂ ನಾನು ಬಾವುಟ ಎತ್ತಿದ್ದೆ. ಐದನೆಯ ಸಲ ಬಾವುಟದ ಹಿಂದೆ ಬಹಳ ಹೊತ್ತು ಕಾದೆ. ಏನೂ ಬೀಳಲಿಲ್ಲ.

"ಸರ್" ಎಂದಳು ರೇಣುಕಾ, "ಚೆಂಡು ಇನ್ನೂ ನನ್ ಕೈಯಾಗೇ ಐತಿ."

ಮಹಾದೇವಕ್ಕ ಮೊದಲು ನಕ್ಕಳು. ನಕ್ಕು, ಕೂಡಲೇ ನಿಲ್ಲಿಸಿ, ಎರಡೂ ಕೈ ಸೊಂಟಕ್ಕಿಟ್ಟಳು. "ಅಯ್ಯೋ ನಿಮ್ ಮನಿ ಕಾಯ್ವಾಗ! ಖರೇನೇ ಕಣ್ಣು ಮುಚ್ಚಿದ್ರೇನ್ರೀ? ಕೊಡ್ರಿ ನನ್ ವಡಿ ವಾಪಸ್!" ಎಂದಳು. ಚನ್ನವೀರಪ್ಪನವರು, ಕನ್ನಡಕದವರನ್ನು ಆರಿಸಿದ ತಪ್ಪು ಯಾರದೆಂದು ಯಾರಾದರೂ ಕೇಳುವ ಮೊದಲೇ, ಬಲೆಯ ಗಂಟು ಬಿಗಿಮಾಡಲು ಹೋದರು. ಹುಡುಗಿಯರು ನೆಲದ ಮೇಲೆ ಕೂತು ನಗುತ್ತಿದ್ದರು. ರೇಣುಕಾ ಮಾತ್ರ ನಗದೆ ನನ್ನ ಮೂಲೆಗೆ ಬಂದು, ಬಗ್ಗಿ, ಮೂರು ಗುರುತುಗಳನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು.

"ಅವತ್ತಿಂದೂ ಇದೇ ಏಟು ಸರ್. ಒಳಗೇ ಬಿದ್ದಿರ್ಬೇಕು" ಎಂದಳು. ಆಮೇಲೆ ನಕ್ಕಳು. ಆರು ದಿನದಲ್ಲಿ ಮೊದಲ ಸಲ. "ನಾಳಿಂದ ಪ್ರಾಕ್ಟೀಸಿಗೆ ಬರ್ತೀನ್ರೀ ಸರ್" ಎಂದು ಬಲೆಯ ಹತ್ತಿರವಿದ್ದ ಚನ್ನವೀರಪ್ಪನವರಿಗೆ ಕೂಗಿ ಹೇಳಿ, ನನ್ನ ಕಡೆ ತಿರುಗಿ, "ನೀವು ಮಾತ್ರ ಶಿವಮೊಗ್ಗಕ್ಕೆ ಬರ್ಬೇಡ್ರಿ. ಕಿಟಕಿಯಿಂದಾನೇ ನೋಡ್ರಿ" ಎಂದಳು.

ಅಂದು ಗುರುವಾರ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎಚ್ಚರವಾದಾಗ ಪಕ್ಕದಲ್ಲಿ ಗಿರಿಜಾ ಇನ್ನೂ ಗೊರಕೆ ಹೊಡೆಯುತ್ತಿದ್ದಳು, ಅವಳ ಮೂಗು ಕ್ಷೇಮವಾಗಿತ್ತು. ಎದ್ದವಳೇ, "ಸೊರಬಕ್ಕೂ ಹೇಳಿಬಿಡಿ ಇನ್ನು" ಎಂದಳು. ಹೇಳಬೇಕು. ಮಂಜುನಾಥನ ನಂಬರು ಒತ್ತಿಯೂ ಒತ್ತಿದೆ. ಆತ "ಭಾವ, ಶಾಲು ತಂದಾಯ್ತು" ಎಂದ. ನಾನು ಕಣ್ಣು ಮುಚ್ಚಿಕೊಂಡೆ.